ಗಾಡಿ ಓಡಿಸುವಾಗ ಬರುವ ಸಿಟ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಹೆಚ್ಚಾಗಿ ಬೆಂಗಳೂರಿನಲ್ಲಿ ಗಾಡಿ ಓಡಿಸುವವರವು. ಬೇರೆ ಊರಿನವರಿಗೂ ಉಪಯೋಗಕ್ಕೆ ಬರುತ್ತವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸಿಟ್ಟೇ ಬರದ ಹಾಗೆ ಮಾಡುವ ಉಪಾಯ ನನ್ನ ಹತ್ತಿರ ಇಲ್ಲ. ಸಿಟ್ಟು ತಲೆಯಲ್ಲಿ ಇದ್ದರೆ ಇರಲಿ. ಅದು ಕಾಲಿಗೆ, ಅಂದರೆ ಆಕ್ಸಿಲರೇಟರ್‌ಗೆ, ಇಳಿಯಬಾರದು. ಅಷ್ಟಕ್ಕೆ ಏನು ಮಾಡಬಹುದು ಅನ್ನುವುದೇ ಇಲ್ಲಿನ ವಿಷಯ.

ಮನೆಯಲ್ಲಿ, ಆಫೀಸಿನಲ್ಲಿ ಯಾರ ಮೇಲೂ ಕೂಗಾಡುವವನಲ್ಲ ನಾನು. ಸ್ಟೇರಿಂಗ್ ಹಿಡಿದರೆ ಮಾತ್ರ ಬಾಯಿಂದ ಏನೇನೋ ಬರುತ್ತದೆ. ಯಾಕೆ ಹೀಗೆ?

ನೀವೊಬ್ಬರೇ ಅಲ್ಲ, ಸುಮಾರು ಜನ ಹೀಗೇ. ಮದುವೆ ಮನೆಯ ಊಟದ ಸಾಲಿನಲ್ಲಿ ಯಾರೋ ನಿಮ್ಮ ಕಾಲು ತುಳಿಯುತ್ತಾರೆ ಅಂದುಕೊಳ್ಳಿ. ತಕ್ಷಣ ತಿರುಗಿ 'ಅಯ್ಯೋ, ನೋಡಲಿಲ್ಲ ಸಾರ್' ಅನ್ನುತ್ತಾರೆ. ನೀವು 'ಪರವಾಗಿಲ್ಲ ಬಿಡಿ' ಅನ್ನುತ್ತೀರಿ. ಅಲ್ಲಿಗೆ ಮುಗಿಯಿತು. ರಸ್ತೆಯಲ್ಲಿ ಈ ಎರಡು ಮಾತಿಗೆ ಜಾಗವೇ ಇಲ್ಲ. ಮುಖ ಕಾಣುವುದಿಲ್ಲ, ಗಾಜು ಏರಿಸಿರುತ್ತದೆ. ಕಾಣುವುದು ಒಂದು ನಂಬರ್ ಪ್ಲೇಟು, ಒಂದು ಬಂಪರು. ಮಾತಿನ ಬದಲು ಇರುವುದು ಹಾರ್ನ್ ಒಂದೇ. 'ಸ್ವಲ್ಪ ಜರುಗಿ' ಅನ್ನುವುದಕ್ಕೂ ಅದೇ, 'ಕಣ್ಣು ಕಾಣಲ್ವಾ' ಅನ್ನುವುದಕ್ಕೂ ಅದೇ.

ಇನ್ನೊಂದು ಇದೆ. ನಾವು ಪಕ್ಕದ ಸಾಲಿಗೆ ಕಟ್ ಹೊಡೆದರೆ ಅದಕ್ಕೆ ಕಾರಣ ಇರುತ್ತದೆ. ಮುಂದೆ ಗುಂಡಿ ಇತ್ತು, ಮಗಳ ಸ್ಕೂಲಿಗೆ ಹೊತ್ತಾಗಿತ್ತು. ಅದೇ ಕೆಲಸ ಬೇರೆಯವರು ಮಾಡಿದರೆ ಕಾರಣ ಹುಡುಕುವುದಿಲ್ಲ. ನೇರವಾಗಿ ಅವರ ಗುಣಕ್ಕೆ, ಕೆಲವರಂತೂ ಅವರ ರಾಜ್ಯದ ನಂಬರಿಗೆ ಕೈ ಹಾಕುತ್ತಾರೆ. 'ನನಗೇ ಹೀಗೆ ಮಾಡಿದ' ಅನಿಸುವ ಕ್ಷಣದಲ್ಲೇ ಸಿಟ್ಟು ಹತ್ತುವುದು. ನಿಜ ಏನೆಂದರೆ, ಹತ್ತರಲ್ಲಿ ಒಂಬತ್ತು ಸಲ ಅವನು ನಿಮ್ಮನ್ನು ನೋಡಿಯೇ ಇರುವುದಿಲ್ಲ. ನೋಡದೆ ಬಂದದ್ದು ತಪ್ಪೇ. ಆದರೆ ಅದು ನಿಮ್ಮ ಮೇಲಿನ ಹಗೆ ಅಲ್ಲವಲ್ಲ.

ಸಿಟ್ಟು ಬಂದರೆ ಡ್ರೈವಿಂಗ್ ಕೆಡುತ್ತದಾ? ನನಗೇನೋ ಆಗ ಇನ್ನೂ ಚುರುಕಾಗುತ್ತೇನೆ ಅನಿಸುತ್ತದೆ.

ಚುರುಕಾದ ಹಾಗೆ ಅನಿಸುತ್ತದೆ, ಅದೇ ತೊಂದರೆ. ಸಿಟ್ಟು ಬಂದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆ ಬಡಿತ ಜೋರಾಗುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ, ಕೈ ಬಿಗಿಯಾಗುತ್ತದೆ. ಇದು ಹೊಡೆದಾಟಕ್ಕೋ ಓಟಕ್ಕೋ ಮೈ ಮಾಡಿಕೊಳ್ಳುವ ತಯಾರಿ. ಆಗ ಗಮನವೆಲ್ಲ ಎದುರಾಳಿಯ ಮೇಲೆ ನಿಲ್ಲುತ್ತದೆ. ಇಲ್ಲಿ ಎದುರಾಳಿ ಅಂದರೆ ನಿಮಗೆ ಕಟ್ ಹೊಡೆದ ಬಿಳಿ ಕಾರು. ಎಡಗಡೆಯಿಂದ ನುಗ್ಗುವ ಸ್ಕೂಟರ್, ಡಿವೈಡರ್ ಸಂದಿಯಿಂದ ಇಳಿಯುವ ಅಜ್ಜಿ, ಬಣ್ಣ ಅಳಿಸಿಹೋದ ಹಂಪು, ಇವೆಲ್ಲ ಕಣ್ಣಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ.

60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ತಿರುಗಿ ನೋಡಿ ಒಂದು ಬೈಗುಳ ಬೈಯಲು ಎರಡು ಸೆಕೆಂಡಾದರೂ ಬೇಕು. ಅಂದರೆ 34 ಮೀಟರ್, ರಸ್ತೆ ನೋಡದೆ.

ಗಾಜು ಏರಿಸಿಕೊಂಡು ಒಳಗೇ ಚೆನ್ನಾಗಿ ಬೈದುಬಿಟ್ಟರೆ ಮನಸ್ಸು ಹಗುರ ಆಗುತ್ತದಲ್ಲ?

ಹಾಗಂತ ಎಲ್ಲರೂ ನಂಬುತ್ತಾರೆ. ಅಮೆರಿಕದ ಮನಃಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಸಿಟ್ಟು ಬಂದ ಕೆಲವರಿಗೆ, ಸಿಟ್ಟು ತರಿಸಿದವನನ್ನು ನೆನೆಸಿಕೊಂಡು ಪಂಚಿಂಗ್ ಬ್ಯಾಗಿಗೆ ಗುದ್ದಲು ಹೇಳಿದರು. ಇನ್ನು ಕೆಲವರನ್ನು ಏನೂ ಮಾಡಿಸದೆ ಸುಮ್ನೆ ಕೂರಿಸಿದರು. ಗುದ್ದಿದವರ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತ್ತು. ಸುಮ್ಮನೆ ಕೂತವರೇ ತಣ್ಣಗಿದ್ದರು.

ಗಾಡಿಯಲ್ಲಿ ಆಗುವುದೂ ಇದೇ. ಒಂದು ಸಲ ಬೈದರೆ ಮನಸ್ಸು ಆ ಘಟನೆಯನ್ನು ಮತ್ತೆ ಓಡಿಸುತ್ತದೆ. ಎರಡನೇ ಸಲ ಬೈಯುವಾಗ ಮಾತು ಇನ್ನೂ ಖಾರ. ಮಾರತ್ತಹಳ್ಳಿಯಲ್ಲಿ ಯಾರೋ ಮಾಡಿದ್ದಕ್ಕೆ ಹೆಬ್ಬಾಳ ಬಂದರೂ ಬೈಯುತ್ತಲೇ ಇರುತ್ತೀರಿ. ಅವನು ಯಾವಾಗಲೋ ಮನೆ ಸೇರಿ ಕಾಫಿ ಕುಡಿಯುತ್ತಿರುತ್ತಾನೆ. ಹಿಂದೆ ಮಕ್ಕಳು ಕೂತಿದ್ದರಂತೂ ಕೇಳಲೇಬೇಡಿ. ಆ ಪದಗಳು ಸ್ಕೂಲಿನ ಡೈರಿಯಲ್ಲಿ ಟೀಚರ್ ಬರೆದ ದೂರಾಗಿ ಮನೆಗೆ ವಾಪಸ್ ಬರುತ್ತವೆ.

ಹಾಗಾದರೆ ಆ ಕ್ಷಣಕ್ಕೆ ಮಾಡುವುದೇನು? ಕಣ್ಣು ಮುಚ್ಚಿ ಧ್ಯಾನ ಮಾಡಲಾಗುತ್ತದಾ?

ಕಣ್ಣು ಮಾತ್ರ ದಯವಿಟ್ಟು ಮುಚ್ಚಬೇಡಿ! ಮೊದಲು ಕಾಲು ಆಕ್ಸಿಲರೇಟರ್‌ನಿಂದ ತೆಗೆಯಿರಿ. ಬ್ರೇಕ್ ಒತ್ತಬೇಕಾಗಿಲ್ಲ, ಕಾಲು ತೆಗೆದರೆ ಸಾಕು. ನಿಮಗೂ ಆ ಗಾಡಿಗೂ ನಡುವೆ ಜಾಗ ತಾನಾಗಿಯೇ ಆಗುತ್ತದೆ. ಆ ಜಾಗಕ್ಕೆ ಇನ್ನೊಬ್ಬ ನುಗ್ಗುತ್ತಾನೆ, ಗೊತ್ತು. ನುಗ್ಗಲಿ. ಅಡ್ಡ ಬಂದ ಗಾಡಿಯ ನಂಬರ್ ಪ್ಲೇಟು ಕಣ್ಣೆದುರಿಗೆ ಇರುವವರೆಗೂ ಸಿಟ್ಟು ಇಳಿಯುವುದು ಕಷ್ಟ. ನಡುವೆ ಬೇರೆ ಯಾರಾದರೂ ಬಂದರೆ ಒಳ್ಳೆಯದೇ ಆಯಿತು.

ಆಮೇಲೆ ಉಸಿರು. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿರಲಿ. ನಾಲ್ಕು ಎಣಿಸುವಷ್ಟು ಒಳಗೆ, ಆರೋ ಏಳೋ ಎಣಿಸುವಷ್ಟು ಹೊರಗೆ. ಉಸಿರು ನಿಧಾನವಾಗಿ ಹೊರಗೆ ಹೋಗುವಾಗ ಎದೆ ಬಡಿತ ಕೊಂಚ ಇಳಿಯುತ್ತದೆ, ಮೈ ಕಟ್ಟಿರುವುದೇ ಹಾಗೆ. ಮೂರು ನಾಲ್ಕು ಉಸಿರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಭುಜ ಕಿವಿಯ ಹತ್ತಿರ ಏರಿ ಕೂತಿದ್ದರೆ ಕೆಳಗೆ ಬಿಡಿ. ಸ್ಟೇರಿಂಗ್ ಹಿಡಿದ ಬೆರಳು ಸಡಿಲ ಮಾಡಿ.

ಒಂಟಿಯಾಗಿದ್ದರೆ ಇನ್ನೊಂದು ಆಟವಿದೆ: ಅಡ್ಡ ಬಂದವನಿಗೆ ಒಂದು ಕಾರಣ ಕಟ್ಟಿಕೊಡಿ. ಆಸ್ಪತ್ರೆಗೆ ಹೊರಟಿದ್ದಾನೆ, ಕಾರು ಕಲಿತು ಇನ್ನೂ ಒಂದು ವಾರ, ಹೊಟ್ಟೆ ಸರಿ ಇಲ್ಲ. ಮೂರನೆಯದು ನನಗೆ ಬಹಳ ಸಲ ಕೆಲಸ ಮಾಡಿದೆ. ಹೊಟ್ಟೆ ಕೆಟ್ಟವನ ಮೇಲೆ ಯಾರಿಗೂ ಸಿಟ್ಟು ಮಾಡಲಾಗುವುದಿಲ್ಲ.

ಲೇಟಾದಾಗಲೇ ಜಾಸ್ತಿ ಸಿಟ್ಟು ಬರುತ್ತದೆ. ಬೇಗ ಹೊರಡಿ ಅನ್ನುವ ಬುದ್ಧಿಮಾತು ಬೇಡ, ಬೇರೆ ಏನಾದರೂ ಇದ್ದರೆ ಹೇಳಿ.

ಸರಿ, ಲೆಕ್ಕ ಹೇಳುತ್ತೇನೆ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2022ರ ಪಟ್ಟಿಯ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ ಹಿಡಿಯುತ್ತಿತ್ತು. ಗಂಟೆಗೆ 20 ಕಿ.ಮೀ. ಅಂದುಕೊಳ್ಳಿ. ನಿಮ್ಮ ಆಫೀಸು 12 ಕಿ.ಮೀ. ದೂರ ಇದ್ದರೆ 36 ನಿಮಿಷ. ಈಗ ನೀವು ಸಿಟ್ಟು ಮಾಡಿಕೊಂಡು, ಹಾರ್ನ್ ಹೊಡೆದು, ಸಿಕ್ಕ ಸಿಕ್ಕ ಸಂದಿಯಲ್ಲಿ ನುಗ್ಗಿ ಸರಾಸರಿ 22ಕ್ಕೆ ಏರಿಸಿದಿರಿ ಅನ್ನೋಣ. ಅದೇ ದೊಡ್ಡ ಸಾಹಸ. ಉಳಿದದ್ದು ಮೂರು ನಿಮಿಷ ಚಿಲ್ಲರೆ. ಆಫೀಸಿನ ಬೇಸ್‌ಮೆಂಟಿನಲ್ಲಿ ಪಾರ್ಕಿಂಗ್ ಹುಡುಕುವಾಗ ಅದು ಹೋಗುತ್ತದೆ. ನೀವು ಹಿಂದಿಕ್ಕಿ ಬಂದ ಬಸ್ಸು ಮುಂದಿನ ಸಿಗ್ನಲ್‌ನಲ್ಲಿ ನಿಮ್ಮ ಪಕ್ಕಕ್ಕೇ ಬಂದು ನಿಲ್ಲುವುದನ್ನು ನೀವೂ ನೋಡಿರುತ್ತೀರಿ.

ಹೆದ್ದಾರಿಯಲ್ಲೂ ಅಷ್ಟೇ. ಬೆಂಗಳೂರು-ಮೈಸೂರು ದಾರಿ 119 ಕಿ.ಮೀ. ಇಡೀ ದಾರಿ 100ರಲ್ಲಿ ಹೋದರೆ 71 ನಿಮಿಷ, 120ರಲ್ಲಿ ಹೋದರೆ 60 ನಿಮಿಷ. ಹೆಚ್ಚು ಕಡಿಮೆ ಹನ್ನೆರಡು ನಿಮಿಷದ ಲಾಭಕ್ಕೆ ಕ್ಯಾಮೆರಾದಲ್ಲಿ ಫೋಟೋ, ಮನೆಗೆ ದಂಡದ ನೋಟಿಸು. ಅಲ್ಲಿನ ಮಿತಿಯೇ 100. ಹೋಗಲಿ, ಮದ್ದೂರಿನಲ್ಲಿ ವಡೆ ತಿನ್ನಲು ಇಳಿದರೆ ಆ ಹನ್ನೆರಡು ನಿಮಿಷ ಚಟ್ನಿ ಬರುವ ಹೊತ್ತಿಗೇ ಮುಗಿದಿರುತ್ತದೆ.

ಹಾಗಾಗಿ ಲೇಟಾದ ದಿನ ಮಾಡುವ ಕೆಲಸ ಒಂದೇ. ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಫೋನ್ ಮಾಡಿ 'ಇಪ್ಪತ್ತು ನಿಮಿಷ ತಡವಾಗುತ್ತದೆ' ಅಂದುಬಿಡಿ. ತಡ ಆಗುವುದು ಹೇಗೂ ಆಗುತ್ತದೆ. ಹೇಳಿ ತಡ ಮಾಡಿದರೆ ಸಿಟ್ಟು ಅರ್ಧ ಕಡಿಮೆ.

ಸಿಗ್ನಲ್ ಇನ್ನೂ ಹಸಿರಾಗಿರುವುದಿಲ್ಲ, ಹಿಂದಿನವರು ಹಾರ್ನ್ ಶುರು ಮಾಡುತ್ತಾರೆ. ತಲೆ ಕೆಡುತ್ತದೆ.

ಅವರಿಗೆ ಹಿಂದಿನಿಂದ ಕಾಣುವುದು ಕೌಂಟ್‌ಡೌನ್ ಮಾತ್ರ, ನಿಮ್ಮ ಮುಂದೆ ನಡೆದು ಹೋಗುತ್ತಿರುವ ಜನ ಅಲ್ಲ. ಬೇಕಿಲ್ಲದೆ ಹಾರ್ನ್ ಹೊಡೆದರೆ ಮೋಟಾರು ವಾಹನ ಕಾಯ್ದೆಯ 194ಎಫ್ ಕಲಮಿನಲ್ಲಿ ದಂಡ ಇದೆ. ಆದರೆ ಅದನ್ನು ಸಿಗ್ನಲ್‌ನಲ್ಲಿ ಇಳಿದು ಹೋಗಿ ಪಾಠ ಮಾಡುವುದು ನಿಮ್ಮ ಕೆಲಸವಲ್ಲ. 2022ರಲ್ಲಿ ಬೆಂಗಳೂರಿನ ಕೆಲವು ಸಿಗ್ನಲ್‌ಗಳಲ್ಲಿ ಕೆಂಪು ದೀಪ ಹೃದಯದ ಆಕಾರದಲ್ಲಿ ಉರಿಯುತ್ತಿತ್ತು, ನೆನಪಿದೆಯಾ? ವಿಶ್ವ ಹೃದಯ ದಿನಕ್ಕೆ ಹಾಕಿದ್ದು. ನಮ್ಮ ಜನ ಅದಕ್ಕೂ ಹಾರ್ನ್ ಹೊಡೆದರು.

ರಾಂಗ್ ಸೈಡಿನಲ್ಲಿ ಬಂದು ನನಗೇ ದಾರಿ ಬಿಡು ಅನ್ನುತ್ತಾರೆ. ತಪ್ಪು ಅವರದ್ದು. ನಾನು ಯಾಕೆ ಬಿಡಬೇಕು?

ನ್ಯಾಯ ನಿಮ್ಮ ಕಡೆ ಇದೆ, ಅದರಲ್ಲಿ ಎರಡು ಮಾತಿಲ್ಲ. ಬೆಂಗಳೂರಿನ ಒಂದು ದೊಡ್ಡ ಪಿಡುಗು ಅದು. ಯೂ-ಟರ್ನ್ ಅರ್ಧ ಕಿಲೋಮೀಟರ್ ಆಚೆ ಇಟ್ಟರೆ ಜನ ರಾಂಗ್ ಸೈಡ್ ಬರುತ್ತಾರೆ ಅನ್ನುವುದು ರಸ್ತೆ ಮಾಡುವವರಿಗೂ ಗೊತ್ತಿರಬೇಕಿತ್ತು. ಆದರೂ ಬಿಡಿ. ಎದುರಾಬದುರು ನಿಂತು 'ನೀನು ಹಿಂದೆ ಹೋಗು, ನೀನು ಹೋಗು' ಅಂದರೆ ಇಬ್ಬರ ಹಿಂದೆಯೂ ನಲವತ್ತು ಗಾಡಿ ನಿಲ್ಲುತ್ತವೆ. ಅದರಲ್ಲಿ ಒಂದು ಆಂಬುಲೆನ್ಸ್ ಇರಬಹುದು.

ದಾರಿ ಬಿಟ್ಟು ಆಮೇಲೆ ದೂರು ಕೊಡಿ. ಬೆಂಗಳೂರು ಸಂಚಾರ ಪೊಲೀಸರ ಅಸ್ತ್ರಂ ಆಪ್‌ನಲ್ಲಿ ಫೋಟೋ ಹಾಕಿ ದೂರು ಕೊಡಲು ಬರುತ್ತದೆ. ಫೋಟೋ ತೆಗೆಯುವುದು ಪಕ್ಕದಲ್ಲಿ ಕೂತವರ ಕೆಲಸ. ಓಡಿಸುತ್ತಾ ಫೋನ್ ಕೈಗೆ ತೆಗೆದುಕೊಂಡರೆ ದಂಡ ನಿಮಗೇ ಬರುತ್ತದೆ. ಡ್ಯಾಶ್‌ಕ್ಯಾಮ್ ಹಾಕಿಸಿದರೆ ಇನ್ನೂ ಒಳ್ಳೆಯದು. ಎಲ್ಲಾ ರೆಕಾರ್ಡ್ ಆಗುತ್ತಿದೆ ಅನ್ನುವುದು ಗೊತ್ತಿದ್ದರೆ ನಾವೂ ಸ್ವಲ್ಪ ಮರ್ಯಾದೆಯಿಂದ ಇರುತ್ತೇವೆ.

ಹಿಂದಿನ ಗಾಡಿ ಹೈ ಬೀಮ್ ಹಾಕಿ ಬಂಪರಿಗೆ ಅಂಟಿಕೊಂಡು ಬರುತ್ತದೆ. ಬ್ರೇಕ್ ಒತ್ತಿ ಹೆದರಿಸಲಾ?

ಬೇಡವೇ ಬೇಡ. ಇಷ್ಟು ಹೊತ್ತು ಅವನ ತಪ್ಪಾಗಿದ್ದದ್ದು ಬ್ರೇಕ್ ಒತ್ತಿದ ಕ್ಷಣ ನಿಮ್ಮ ತಪ್ಪಾಗುತ್ತದೆ. 80ರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ, ಅವನ ಕಾಲು ಬ್ರೇಕಿಗೆ ಹೋಗಲೇ ಒಂದು ಸೆಕೆಂಡು ಬೇಕು. ಎಡಕ್ಕೆ ಇಂಡಿಕೇಟರ್ ಹಾಕಿ, ಸಾಲು ಬದಲಿಸಿ, ಅವನನ್ನು ಕಳಿಸಿಕೊಡಿ. ಕನ್ನಡಿಯಲ್ಲಿ ಬೆಳಕು ಹೊಡೆದರೆ ಒಳಗಿನ ಕನ್ನಡಿಯ ಕೆಳಗಿರುವ ಸಣ್ಣ ಲಿವರ್ ಒತ್ತಿ. ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿಲ್ಲ.

ನಿಮ್ಮ ಮುಂದಿನ ಗಾಡಿಗೆ ನೀವೂ ಮೂರು ಸೆಕೆಂಡಿನ ಅಂತರ ಬಿಡಿ. ಮುಂದಿನ ಗಾಡಿ ಒಂದು ಕಂಬ ದಾಟಿದಾಗಿಂದ ಎಣಿಸಿ, ಮೂರು ಮುಗಿಯುವ ಮೊದಲೇ ನೀವು ಆ ಕಂಬ ದಾಟಿದರೆ ತೀರಾ ಹತ್ತಿರ ಇದ್ದೀರಿ ಅಂತ ಲೆಕ್ಕ.

ಗಾಡಿಗೆ ಉಜ್ಜಿಕೊಂಡು ಹೋದರು. ಇಳಿದು ಕೇಳದೆ ಬಿಡಲು ಆಗುತ್ತದಾ?

ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು, ಯಾಕೆಂದರೆ ಎಷ್ಟೋ ಜಗಳ ಶುರುವಾಗುವುದೇ ಇಲ್ಲಿ.

ಮೊದಲು ಯಾರಿಗಾದರೂ ಪೆಟ್ಟಾಗಿದೆಯಾ ನೋಡಿ. ಪೆಟ್ಟಾಗಿದ್ದರೆ ನಿಲ್ಲಲೇಬೇಕು. ಗಾಯಗೊಂಡವರಿಗೆ ಚಿಕಿತ್ಸೆ ಸಿಗುವ ಹಾಗೆ ಮಾಡಬೇಕು, ಪೊಲೀಸರಿಗೆ ತಿಳಿಸಬೇಕು. ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಇದನ್ನೇ ಹೇಳುತ್ತದೆ. ಆ ಕಲಮಿನಲ್ಲಿ ಒಂದು ವಿನಾಯಿತಿಯೂ ಇದೆ: ಸೇರಿದ ಜನರ ರೋಷದಿಂದ ಅಲ್ಲಿ ನಿಲ್ಲಲು ಸಾಧ್ಯವಿಲ್ಲದಿದ್ದರೆ ಎಂದು. 1988ರಲ್ಲಿ ಕಾಯ್ದೆ ಬರೆದವರಿಗೆ ನಮ್ಮ ರಸ್ತೆಯ ಪರಿಚಯ ಚೆನ್ನಾಗಿಯೇ ಇತ್ತು.

ಪೆಟ್ಟಿಲ್ಲ, ಬಣ್ಣ ಮಾತ್ರ ಹೋಗಿದೆ ಅಂದರೆ ಎದುರಿನವನನ್ನು ಒಂದು ಸಲ ನೋಡಿ. ಸಮಾಧಾನದಿಂದ ಇದ್ದಾನೆ ಅಂದರೆ ಗಾಡಿ ಪಕ್ಕಕ್ಕೆ ಹಾಕಿ, ಹಜಾರ್ಡ್ ಲೈಟ್ ಹಾಕಿ, ಎರಡೂ ಗಾಡಿಯ ಫೋಟೋ ತೆಗೆದುಕೊಳ್ಳಿ. ನಂಬರು, ಇನ್ಶೂರೆನ್ಸ್ ವಿವರ ತೆಗೆದುಕೊಂಡು ಹೊರಡಿ. ಕೂಗಾಡುತ್ತಾ, ಬಾಗಿಲು ತಟ್ಟುತ್ತಾ ಬಂದರೆ ಇಳಿಯಬೇಡಿ. ಗಾಜು ಏರಿಸಿ, ಲಾಕ್ ಹಾಕಿ, 112ಕ್ಕೆ ಫೋನ್ ಮಾಡಿ. ಬೆಂಗಳೂರಿನಲ್ಲಿ ಪೊಲೀಸರ ಹೊಯ್ಸಳ ಗಾಡಿ ಬರುತ್ತದೆ. ಬೇಕಂತಲೇ ತಾಗಿಸಿ 'ರಿಪೇರಿಗೆ ದುಡ್ಡು ಕೊಡು' ಎಂದು ಪೀಡಿಸುವವರೂ ಇದ್ದಾರೆ. 'ಪೊಲೀಸರು ಬರಲಿ, ಅಲ್ಲೇ ಮಾತಾಡೋಣ' ಅಂದರೆ ಅಂಥವರಿಗೆ ಅರ್ಜೆಂಟ್ ಕೆಲಸ ನೆನಪಾಗುತ್ತದೆ.

ದುಡ್ಡಿನ ಲೆಕ್ಕವನ್ನೂ ನೋಡಿ. ಸಣ್ಣ ಗೀರಿಗೆ ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗಬಹುದು. ಅದು ಮೊದಲ ವರ್ಷ 20 ಶೇಕಡ, ಏರುತ್ತಾ 50ರವರೆಗೆ ಹೋಗುತ್ತದೆ. ಬಹಳ ಸಲ ಆ ಗೀರನ್ನು ಹಾಗೇ ಬಿಡುವುದೇ ಅಗ್ಗ. ಬೆಂಗಳೂರಿನಲ್ಲಿ ಗೀರಿಲ್ಲದ ಕಾರು ಷೋರೂಮಿನಲ್ಲಿ ಮಾತ್ರ ಸಿಗುತ್ತದೆ.

ಜಗಳ ಆದ ಮೇಲೆ ಹಿಂದೆಯೇ ಅಟ್ಟಿಸಿಕೊಂಡು ಬಂದರೆ?

ಮನೆಗೆ ಹೋಗಬೇಡಿ. ಮನೆ ಎಲ್ಲಿದೆ ಎಂದು ಅವರಿಗೆ ತೋರಿಸಿದ ಹಾಗಾಗುತ್ತದೆ. ಖಾಲಿ ಅಡ್ಡರಸ್ತೆಗೂ ತಿರುಗಬೇಡಿ. ಹತ್ತಿರದ ಪೊಲೀಸ್ ಠಾಣೆ, ಅದು ಸಿಗದಿದ್ದರೆ ಜನ ಇರುವ ಪೆಟ್ರೋಲ್ ಬಂಕ್ ಅಥವಾ ಆಸ್ಪತ್ರೆಯ ಮುಂದೆ ನಿಲ್ಲಿಸಿ. ಪಕ್ಕದಲ್ಲಿ ಕೂತವರು 112ಕ್ಕೆ ಫೋನ್ ಮಾಡಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ, ಅಪಘಾತವಾದರೆ 1033 ಇದೆ. ಆದರೆ ಅಟ್ಟಿಸಿಕೊಂಡು ಬರುವವರ ವಿಷಯಕ್ಕೆ ಎಲ್ಲೇ ಇದ್ದರೂ 112.

ನೀವೇ ಯಾರನ್ನಾದರೂ ಅಟ್ಟಿಸಿಕೊಂಡು ಹೋಗುತ್ತಿದ್ದರೆ? ಮುಂದಿನ ಎಡ ತಿರುವು ತೆಗೆದುಕೊಳ್ಳಿ. ಎಲ್ಲಿಗೆ ಹೋಗುತ್ತದೋ ಹೋಗಲಿ.

ಇಷ್ಟಕ್ಕೆಲ್ಲ ಜೈಲಾಗುತ್ತದಾ? ಸುಮ್ನೆ ಹೆದರಿಸಬೇಡಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಸ್ತೆ ಜಗಳ ಎಂಬ ಹೆಸರಿನ ಅಪರಾಧ ಇಲ್ಲ, ನಿಜ. ಆದರೆ ಆ ಜಗಳದ ಒಂದೊಂದು ತುಂಡಿಗೂ ಕಲಮು ಇದೆ. ಅಡ್ಡಾದಿಡ್ಡಿ ಓಡಿಸಿ ಜನರ ಜೀವಕ್ಕೆ ಅಪಾಯ ತಂದರೆ 281, ಆರು ತಿಂಗಳವರೆಗೆ ಜೈಲು. ಗಾಡಿ ಅಡ್ಡ ಹಾಕಿ ಇನ್ನೊಬ್ಬರನ್ನು ತಡೆದರೆ 126. ಕೈ ಮಾಡಿದರೆ 115. ಕನ್ನಡಿ ಮುರಿದರೆ 324. 'ನಿನ್ನನ್ನ ನೋಡಿಕೊಳ್ತೀನಿ' ಎಂದು ಬೆದರಿಸಿದರೆ 351. ಎರಡು ನಿಮಿಷದ ಜಗಳದಲ್ಲಿ ಈ ಐದೂ ಆಗಿಬಿಡಬಹುದು.

ಒಂದು ಹಳೆಯ ಪ್ರಕರಣ ಹೇಳುತ್ತೇನೆ. 1988ರ ಡಿಸೆಂಬರ್ 27ರಂದು ಪಂಜಾಬಿನ ಪಟಿಯಾಲದ ರಸ್ತೆಯೊಂದರಲ್ಲಿ ಗಾಡಿಯ ವಿಷಯಕ್ಕೆ ಜಗಳವಾಯಿತು. 65 ವರ್ಷದ ಹಿರಿಯರೊಬ್ಬರಿಗೆ ಏಟು ಬಿತ್ತು, ಅವರು ತೀರಿಕೊಂಡರು. ಆರೋಪಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು. 1999ರಲ್ಲಿ ಕೆಳಗಿನ ಕೋರ್ಟು ಬಿಟ್ಟಿತು, 2006ರಲ್ಲಿ ಹೈಕೋರ್ಟ್ ಮೂರು ವರ್ಷ ಶಿಕ್ಷೆ ಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಾವಿರ ರೂಪಾಯಿ ದಂಡಕ್ಕೆ ಇಳಿಸಿತು. ಅಲ್ಲಿಗೂ ಮುಗಿಯಲಿಲ್ಲ. 2022ರ ಮೇ 19ರಂದು ಅದೇ ಸುಪ್ರೀಂ ಕೋರ್ಟ್ ಮರುಪರಿಶೀಲನೆ ಮಾಡಿ ಒಂದು ವರ್ಷ ಜೈಲು ವಿಧಿಸಿತು. ಅಷ್ಟರಲ್ಲಿ ಅವರು ಸಂಸದ, ಪಂಜಾಬಿನ ಸಚಿವ, ಅಲ್ಲಿನ ಪಕ್ಷದ ಅಧ್ಯಕ್ಷ ಎಲ್ಲ ಆಗಿ ಮುಗಿದಿತ್ತು. ಕೆಲವೇ ನಿಮಿಷದ ಜಗಳ, 33 ವರ್ಷದ ಕೋರ್ಟು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರಲ್ಲ, ಇಲ್ಲಿ ಮೂಗು ಒಬ್ಬರದ್ದಲ್ಲ, ಹೋದ ಜೀವವೂ ಬರಲಿಲ್ಲ.

ಬೈಕಿನಲ್ಲಿ ಹೋಗುವವರಿಗೆ ಬೇರೆ ಏನಾದರೂ ಇದೆಯಾ?

ಬಿಸಿಲು. ಅಮೆರಿಕದ ಫೀನಿಕ್ಸ್ ಎಂಬ ಸುಡುಬಿಸಿಲಿನ ಊರಿನಲ್ಲಿ ನಡೆದ, 1986ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹಸಿರು ದೀಪ ಬಂದರೂ ಒಂದು ಕಾರನ್ನು ಬೇಕಂತಲೇ ನಿಲ್ಲಿಸಿಕೊಂಡು ಹಿಂದಿನವರು ಎಷ್ಟು ಹಾರ್ನ್ ಹೊಡೆಯುತ್ತಾರೆ ಎಂದು ಎಣಿಸಿದರು. ಬಿಸಿಲು ಏರಿದ ಹಾಗೆ ಹಾರ್ನೂ ಏರಿತು. ಗಾಜು ಇಳಿಸಿಕೊಂಡು, ಏಸಿ ಇಲ್ಲದೆ ಕೂತವರಲ್ಲಿ ಇದು ಇನ್ನೂ ಜಾಸ್ತಿ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನ ಹೆಲ್ಮೆಟ್ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನೀರು ಕುಡಿದು ಹೊರಡಿ. ದಾರಿ ಉದ್ದ ಇದ್ದರೆ ನಡುವೆ ಮರದ ನೆರಳಿನಲ್ಲಿ ನಿಲ್ಲಿ. ಕಾರಿನವರ ಜೊತೆ ಪೈಪೋಟಿಗೆ ಇಳಿಯಬೇಡಿ. ಅವರ ಸುತ್ತ ತಗಡಾದರೂ ಇದೆ, ನಿಮ್ಮ ಸುತ್ತ ಅಂಗಿ ಮಾತ್ರ.

ಆಟೋ, ಕ್ಯಾಬ್, ಬಸ್ಸಿನವರಿಗೆ ಯಾಕೆ ಯಾವಾಗಲೂ ಸಿಟ್ಟು?

ಹತ್ತು ಹನ್ನೆರಡು ಗಂಟೆ ಅದೇ ರಸ್ತೆಯಲ್ಲಿ ಕ್ಲಚ್ ತುಳಿದು ನೋಡಿ, ಗೊತ್ತಾಗುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎಂದು ಬರೆದಿತ್ತು. ಆಪ್ ನೋಡಿಕೊಂಡು ಸ್ವಂತ ಗಾಡಿ ಓಡಿಸುವವನಿಗೆ ಆ ಬಿಡುವು ಕೊಡುವವರು ಯಾರು? ಮಂಗಳೂರಿನ ಖಾಸಗಿ ಬಸ್ಸಿನವರಿಗೆ ನಿಮಿಷದ ಲೆಕ್ಕದ ಟೈಮಿಂಗ್, ಊಟ ತರುವ ಹುಡುಗರಿಗೆ ಆರ್ಡರಿನ ಗಡಿಯಾರ. ಅವರಿಗೆ ಉಸಿರಾಟದ ಪಾಠಕ್ಕಿಂತ ಮೊದಲು ಬೇಕಾಗಿರುವುದು ನಿದ್ದೆ, ಹೊತ್ತಿಗೆ ಊಟ, ನಿಲ್ಲಿಸಲು ಜಾಗ ಮತ್ತು ಒಂದು ಶೌಚಾಲಯ. ಅವರ ಸಿಟ್ಟನ್ನು ಸಹಿಸಿ ಅನ್ನುತ್ತಿಲ್ಲ. ಕಾರಣ ಅವರೊಬ್ಬರ ಸ್ವಭಾವ ಅಲ್ಲ ಅನ್ನುತ್ತಿದ್ದೇನೆ.

ಘಾಟಿಯಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು?

ರಸ್ತೆ ಕಿರಿದಾಗಿದ್ದರೆ ಇಳಿಯುವವರು ಹತ್ತುವವರಿಗೆ ಬಿಡಬೇಕು. 2017ರ ಡ್ರೈವಿಂಗ್ ನಿಯಮಗಳಲ್ಲೇ ಇದು ಇದೆ. ಲೋಡ್ ಲಾರಿ ಹತ್ತುವಾಗ ನಡುವೆ ನಿಂತರೆ ಮತ್ತೆ ಎಳೆಯುವುದು ಕಷ್ಟ. ಆಗುಂಬೆ, ಚಾರ್ಮಾಡಿಗೆ ವಾರಾಂತ್ಯದಲ್ಲಿ ಹೋಗುವವರಿಗೆ ಇದು ಗೊತ್ತಿದ್ದರೆ ತಿರುವುಗಳಲ್ಲಿ ಅರ್ಧ ಜಗಳ ಇರುವುದಿಲ್ಲ.

ಪಕ್ಕದಲ್ಲಿ ಕೂತು 'ನಿಧಾನ ರೀ, ನಿಧಾನ' ಅನ್ನುವವರಿಂದಲೇ ಸಿಟ್ಟು ಬರುತ್ತದೆ. ಏನು ಮಾಡಲಿ?

ನಿಧಾನ ಮಾಡಿ. ಬಹಳ ಸಲ ಅವರು ಹೇಳುವುದು ಸರಿಯೇ ಇರುತ್ತದೆ. ಪಕ್ಕದಲ್ಲಿ ಕೂತವರಿಗೂ ಒಂದು ಮಾತು: ಓಡಿಸುವವರು ಸಿಟ್ಟಿನಲ್ಲಿದ್ದಾಗ 'ಯಾಕೆ ಹೀಗೆ ಓಡಿಸುತ್ತೀರಿ' ಎಂದು ಆಗಲೇ ವಿಚಾರಣೆ ಬೇಡ. 'ಮುಂದೆ ಎಲ್ಲಾದರೂ ಟೀಗೆ ನಿಲ್ಲಿಸೋಣವಾ' ಅಂದರೆ ಕೆಲಸ ಬೇಗ ಆಗುತ್ತದೆ.

ಏನು ಮಾಡಿದರೂ ಆಗುತ್ತಿಲ್ಲ. ಯಾರನ್ನು ಕೇಳಲಿ?

ಗಾಡಿಯಿಂದ ಇಳಿದ ಮೇಲೂ ಗಂಟೆಗಟ್ಟಲೆ ಸಿಟ್ಟು ಉಳಿಯುತ್ತದೆ, ಮನೆಯವರು ನಿಮ್ಮ ಜೊತೆ ಗಾಡಿ ಹತ್ತಲು ಹೆದರುತ್ತಾರೆ, ಒಂದೆರಡು ಸಲ ಕೈ ಕೈ ಮಿಲಾಯಿಸಿದ್ದೂ ಆಗಿದೆ ಅಂದರೆ ಇದು ಟ್ರಾಫಿಕ್ಕಿನ ವಿಷಯವಷ್ಟೇ ಅಲ್ಲ. ನಿದ್ದೆ ಕೆಟ್ಟಿರಬಹುದು, ಕುಡಿತ ಜಾಸ್ತಿ ಆಗಿರಬಹುದು, ಕೆಲಸದ ಒತ್ತಡ, ಸಾಲ, ಖಿನ್ನತೆ ಏನಾದರೂ ಇರಬಹುದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಇದೆ. ಸಿಟ್ಟಿಗೆ ಡಾಕ್ಟರ ಹತ್ತಿರ ಹೋಗುವುದಾ ಎಂದು ನಗುವವರು ನಗಲಿ, ಅವರು ನಿಮ್ಮ ಕಾರಿನಲ್ಲಿ ಕೂತಿಲ್ಲ.

ತಪ್ಪು ನನ್ನದೇ ಆಗಿದ್ದರೆ?

ಗಾಜು ಇಳಿಸಿ ಕೈ ಎತ್ತಿ, 'ಸಾರಿ' ಅನ್ನಿ. ತುಟಿ ಅಲ್ಲಾಡಿದ್ದು ಕಂಡರೂ ಸಾಕು. ಎದುರಿನವರು ಆಗಲೂ ಬೈದರೆ ಬೈಯಲಿ, ವಾಪಸ್ ಬೈಯಬೇಡಿ. ಆ ಒಂದು ಸಲ ಅವರಿಗೆ ಬೈಯುವ ಹಕ್ಕಿದೆ. ಹಸಿರು ಬಿದ್ದ ಮೇಲೆ ಅವರನ್ನೇ ಮುಂದೆ ಹೋಗಲು ಬಿಡಿ.